ಹಳೆಯ ಪಾಠ, ಹೊಸ ಸಂಕಲಕ

ಮುಧೋಳವು ರನ್ನ ಕವಿಯ ಊರು. ಆತನ ಗದಾಯುದ್ಧವನ್ನು ಇಂದಿನ ಜಾಣ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಕೊಟ್ಟು ಓದೆಂದರೆ, ಅವನು ಮೊದಲ ಪುಟದಲ್ಲಿಯೇ ನಾಲ್ಕಾರು ಸಲ ಎಡವುವನು. ಕನ್ನಡವು ಅವನ ತಾಯ್ನುಡಿ. ಪರೀಕ್ಷೆಯಲ್ಲಿ ಅವನಿಗೆ ಒಳ್ಳೆಯ ಗುಣಗಳೇ ಬಂದಿರುವವು. ಆದರೂ ಅರ್ಥವು ಕೈಗೆ ಸಿಗದು. ಹಾಗೆಂದು ರನ್ನನು ತಪ್ಪಾಗಿ ಬರೆದನೆಂದು ಯಾರೂ ಹೇಳುವದಿಲ್ಲ; ಹುಡುಗನು ದಡ್ಡನೆಂದು ವಿವೇಕಿಗಳಾರೂ ಹೇಳಲಾರರು. ಇಬ್ಬರ ನಡುವೆ ಒಂದು ಸಾವಿರ ವರ್ಷಗಳ ಭಾಷಾಪರಿವರ್ತನೆಯು ನಿಂತಿರುವದು. ರನ್ನನ ಕಾಲದ ಱ, ೞ ಎಂಬ ಎರಡು ಅಕ್ಷರಗಳು ಇಂದಿನ ವರ್ಣಮಾಲೆಯಲ್ಲಿ ಇಲ್ಲ. ಅಂದಿನ ವಿಭಕ್ತಿಗಳು ಇಂದಿನವಲ್ಲ. ಹಳಗನ್ನಡವನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು, ಕೇಶಿರಾಜನ ಶಬ್ದಮಣಿದರ್ಪಣದ ನಾಲ್ಕು ಮಾತುಗಳನ್ನು ತಿಳಿಸಿಕೊಟ್ಟರೆ, ಅದೇ ಹುಡುಗನು ಅದೇ ಕಾವ್ಯವನ್ನು ಸಂತೋಷದಿಂದ ಓದುವನು.

ಓದುವವನು ಒಂದು ಕಾಲದವನಾಗಿ ಬರೆದುದು ಇನ್ನೊಂದು ಕಾಲದ್ದಾದಾಗ ಉಂಟಾಗುವ ಈ ವಿರೋಧವು ಕಾವ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎಷ್ಟೋ ಮನೆಗಳಲ್ಲಿ ಗಣಕಶಾಸ್ತ್ರವನ್ನು ಕಲಿಯುವ ಮಕ್ಕಳಿರುವರು. ಅವರು ರಾತ್ರಿ ಹನ್ನೊಂದು ಗಂಟೆಯವರೆಗೆ ಪರದೆಯ ಮುಂದೆ ಕುಳಿತು, ಕೆಂಪಕ್ಷರದ ದೋಷಸೂಚನೆಗಳನ್ನು ನೋಡಿ ನೋಡಿ ಕಣ್ಣೀರಿಡುವದನ್ನು ತಾಯಂದಿರು ಬಲ್ಲರು. ಆ ಕಣ್ಣೀರಿನಲ್ಲಿ ಸ್ವಲ್ಪ ಭಾಗವು ಮಕ್ಕಳ ಅಜಾಗರೂಕತೆಯಿಂದ ಬಂದದ್ದು. ಅದಕ್ಕೆ ಅಭ್ಯಾಸವೇ ಮದ್ದು. ಆದರೆ ಇನ್ನೊಂದು ಭಾಗವು ಸರ್ವಥಾ ನಿಷ್ಕಾರಣವಾದದ್ದು. ಬರೆದುದೂ ಸರಿ, ಯಂತ್ರವೂ ಸರಿ. ಎರಡರ ಕಾಲಗಳು ಮಾತ್ರ ಕೂಡಿ ಬರಲಿಲ್ಲ. ಈ ತಿಂಗಳು ನಾವು ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿರುವೆವು.

ಸಂಸ್ಕೃತ ಕಲಿಸಿದ ಮಾಸ್ತರರಿಗೆ ಗಣಕದ ಗೊಡವೆ ಏಕೆಂದು ಕೆಲವರು ಕೇಳಬಹುದು. ವ್ಯಾಕರಣವನ್ನು ಓದಿದವನಿಗೆ ಇದು ಪರದೇಶವಲ್ಲವೆಂಬುದೇ ನಮ್ಮ ಉತ್ತರ. 1967ರಲ್ಲಿ ಇಂಗರ್ಮನ್ ಎಂಬ ಅಮೇರಿಕದ ವಿದ್ವಾಂಸರು, ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಪದ್ಧತಿಗೆ ಬ್ಯಾಕಸ್ ಎಂಬವರ ಹೆಸರಿನೊಂದಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ತಮ್ಮ ಶಾಸ್ತ್ರದ ಪತ್ರಿಕೆಯಲ್ಲಿ ಸೂಚಿಸಿದ್ದರು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನು ಕಟ್ಟಿ ನಿಲ್ಲಿಸಿದ ಮುನಿಯ ಶಿಷ್ಯರು, ನಿಯಮಗಳಿಂದಲೇ ನಡೆಯುವ ಯಂತ್ರವನ್ನು ಕಂಡು ಹೆದರಬೇಕಾದ ಕಾರಣವಿಲ್ಲ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಗಣಕಯಂತ್ರಕ್ಕೆ ಸೊನ್ನೆ ಮತ್ತು ಒಂದು ಎಂಬ ಎರಡು ಸಂಜ್ಞೆಗಳ ಹೊರತು ಬೇರೆ ಯಾವದೂ ತಿಳಿಯದು. ಮನುಷ್ಯರು ಸೊನ್ನೆ ಒಂದುಗಳ ಮಾಲೆಯನ್ನು ಬರೆಯುತ್ತ ಕೂಡ್ರಲಾರರು. ಆದುದರಿಂದ ಇಬ್ಬರಿಗೂ ನಡುವಣ ಭಾಷೆಗಳನ್ನು ಕಲ್ಪಿಸಿದರು. ಸಿ, ಸಿ ಪ್ಲಸ್ ಪ್ಲಸ್ ಮುಂತಾದವು ಅಂಥವು. ಈ ಭಾಷೆಯಲ್ಲಿ ಬರೆದ ಪಾಠವನ್ನು ಯಂತ್ರದ ಸಂಜ್ಞೆಗಳಿಗೆ ತಿರುಗಿಸಿಕೊಡುವ ದುಭಾಷಿಯೇ ಕಂಪೈಲರ್. ನಾವು ಇದನ್ನು ಸಂಕಲಕವೆಂದು ಕರೆಯುವೆವು. 1952ರಲ್ಲಿ ಅಮೇರಿಕದ ಗ್ರೇಸ್ ಹಾಪರ್ ಎಂಬ ವಿದುಷಿಯು ಇಂಥ ಮೊದಲ ಸಂಕಲಕಗಳಲ್ಲೊಂದನ್ನು ರಚಿಸಿದಳು.

ರಬಕವಿ-ಬನಹಟ್ಟಿಯ ವಾಚಕರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಜಕಾರ್ಡ್ ಮಗ್ಗವನ್ನು ನೋಡಿದವರು ಅದರ ನೆತ್ತಿಯ ಮೇಲೆ ಸರಪಳಿಯಂತೆ ತಿರುಗುವ ರಟ್ಟುಗಳನ್ನು ನೋಡಿರುವರು. ರಟ್ಟಿನಲ್ಲಿ ರಂಧ್ರವಿದ್ದ ಕಡೆ ಸೂಜಿಯು ಒಳಗೆ ಹೋಗಿ ಹಾಸಿನ ಎಳೆಯು ಮೇಲಕ್ಕೇಳುವದು. ರಂಧ್ರವಿಲ್ಲದ ಕಡೆ ಎಳೆಯು ಕೆಳಗೇ ಉಳಿಯುವದು. ಒಂದೊಂದು ರಟ್ಟಿಗೂ ಲಾಳಿಯು ಹಾಯ್ದು ಒಂದೊಂದು ಹೊಕ್ಕು ಬೀಳುವದು. ಇದೂ ಸೊನ್ನೆ ಒಂದುಗಳ ಲೆಕ್ಕವೇ. ಚೌಕಳಿ ಕಾಗದದ ಮೇಲೆ ಬಳ್ಳಿಯನ್ನೋ ನವಿಲನ್ನೋ ಬರೆಯುವ ಚಿತ್ರಗಾರನು ಪ್ರೋಗ್ರಾಮು ಬರೆಯುವವನಂತೆ, ಆ ಚಿತ್ರವನ್ನು ನೋಡಿ ರಟ್ಟಿನಲ್ಲಿ ರಂಧ್ರ ಹೊಡೆಯುವವನು ಸಂಕಲಕದಂತೆ, ಮಗ್ಗವು ಗಣಕದಂತೆ. ಇದು ಬರಿಯ ಉಪಮೆಯೂ ಅಲ್ಲ. ಫ್ರಾನ್ಸದ ಲಿಯೋನ್ ಪಟ್ಟಣದ ಜಕಾರ್ಡನು 1804ರಲ್ಲಿ ಮಾಡಿದ ಈ ಯಂತ್ರದ ರಟ್ಟುಗಳನ್ನೇ ಮುಂದೆ ಇಂಗ್ಲಂಡದ ಬ್ಯಾಬೇಜನು ತಾನು ಯೋಜಿಸಿದ ಗಣನಯಂತ್ರಕ್ಕೆ ತೆಗೆದುಕೊಂಡನು. ಗಣಕವು ನೇಕಾರರ ಮನೆಗೆ ಹೊಸ ಅತಿಥಿಯಲ್ಲ, ಮರಳಿ ಬಂದ ಬಂಧು.

ಇನ್ನು, ಒಂದು ಮಗ್ಗಕ್ಕೆಂದು ಹೊಡೆದ ರಟ್ಟುಗಳನ್ನು ಕೊಕ್ಕೆಗಳ ಸಂಖ್ಯೆ ಬೇರೆಯಾದ ಇನ್ನೊಂದು ಮಗ್ಗಕ್ಕೆ ಏರಿಸಿದರೆ ಏನಾಗುವದು? ರಂಧ್ರವಿರುವ ಕಡೆ ಸೂಜಿ ಇರದು, ಸೂಜಿ ಇರುವ ಕಡೆ ರಂಧ್ರ ಇರದು. ಬಳ್ಳಿಯು ಬಳ್ಳಿಯಾಗದು. ಅನುಭವಿಯಾದ ನೇಕಾರನು ರಟ್ಟನ್ನು ಹರಿದೊಗೆಯುವದಿಲ್ಲ, ಮಗ್ಗವನ್ನು ಮಾರಲೂ ಹೊರಡುವದಿಲ್ಲ. “ಇದು ಈ ಮಗ್ಗದ ರಟ್ಟಲ್ಲ” ಎಂದಷ್ಟೇ ಹೇಳಿ ಮುಂದಿನ ಕೆಲಸ ನೋಡುವನು. ಆ ಒಂದು ಮಾತನ್ನು ಹೇಳುವವರು ನಮ್ಮ ಗಣಕ ಕಲಿಯುವ ಮಕ್ಕಳಿಗೆ ಬೇಕಾಗಿರುವರು.

ಭಾಷೆಗಳ ಶಾಸ್ತ್ರವು ಬದಲಾಗುತ್ತ ಬರುವದರಿಂದಲೇ ಸಂಕಲಕಗಳಿಗೂ ಆವೃತ್ತಿಗಳು ಉಂಟಾಗಿರುವವು. ಸಿ ಭಾಷೆಯು 1970ರ ದಶಕದ ಆರಂಭದಲ್ಲಿ ಅಮೇರಿಕದಲ್ಲಿ ಡೆನಿಸ್ ರಿಚಿಯವರಿಂದ ಹುಟ್ಟಿತು. ಅದಕ್ಕೆ ಸರ್ವಸಮ್ಮತವಾದ ಶಾಸ್ತ್ರವು ಸಿದ್ಧವಾದದ್ದು 1989ರಲ್ಲಿ. ಬಳಿಕ 1999, 2011 ಮುಂತಾದ ವರ್ಷಗಳಲ್ಲಿ ಅದು ತಿದ್ದುಪಡಿಯಾಯಿತು. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಎಂಬವರು ನಿರ್ಮಿಸಿದ ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಶಾಸ್ತ್ರವು ದೊರೆತದ್ದು 1998ರಲ್ಲಿ. 2011ರಿಂದ ಈಚೆಗೆ ಅದನ್ನು ಮೂರು ಮೂರು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತಿರುವರು. ನಮ್ಮಲ್ಲಿಯೂ ಪಾಣಿನಿಯ ಸೂತ್ರ, ಅದರ ಮೇಲೆ ಕಾತ್ಯಾಯನನ ವಾರ್ತಿಕ, ಅದರ ಮೇಲೆ ಪತಂಜಲಿಯ ಭಾಷ್ಯ, ಹೀಗೆ ಬೆಳೆದು ಬಂದಿರುವದು; ಮೂವರಲ್ಲಿ ಭಿನ್ನಾಭಿಪ್ರಾಯ ಬಂದಲ್ಲಿ ಈಚಿನವರ ಮಾತೇ ಹೆಚ್ಚು ಪ್ರಮಾಣವೆಂದು ಸಂಪ್ರದಾಯವುಂಟು. ಸಂಕಲಕವೂ ಹಾಗೆಯೇ, ತನಗೆ ತಿಳಿದ ಈಚಿನ ಶಾಸ್ತ್ರದ ಪ್ರಕಾರ ಪರೀಕ್ಷಿಸಿ, ಹಿಂದೆ ಸಾಧುವೆನಿಸಿದ ಪ್ರಯೋಗವನ್ನು ಇಂದು ಅಸಾಧುವೆನ್ನುವದು.

ಈಗ ನಡೆದ ಒಂದು ಸಂಗತಿಯನ್ನು ಹೇಳುವೆವು. ಬನಹಟ್ಟಿಯ ನೇಕಾರ ಗೃಹಸ್ಥರೊಬ್ಬರು ತಮ್ಮ ಕಿರಿಯ ಮಗಳಿಗಾಗಿ ಕಂತಿನ ಮೇಲೆ ಒಂದು ಲ್ಯಾಪ್‌ಟಾಪ್ ತಂದರು. ಹುಡುಗಿಯು ಪದವಿ ತರಗತಿಯ ಮೊದಲ ವರ್ಷದಲ್ಲಿ ಗಣಕ ವಿಷಯವನ್ನು ತೆಗೆದುಕೊಂಡವಳು. ಅಕ್ಕನು ಸುಮಾರು ಹತ್ತು ವರ್ಷಗಳ ಹಿಂದೆ ಪದವಿಪೂರ್ವ ತರಗತಿಯಲ್ಲಿ ಬರೆದಿಟ್ಟ ವಹಿಯು ಮನೆಯಲ್ಲಿಯೇ ಇತ್ತು. ಅದರಲ್ಲಿನ ಪ್ರೋಗ್ರಾಮುಗಳಿಗೆಲ್ಲ ಗುರುಗಳ ಕೆಂಪು ಸಹಿ ಇತ್ತು. ತಂಗಿಯು ಅದರಲ್ಲಿಯ ಕ್ರಮಗುಣಿತದ ಲೆಕ್ಕವನ್ನು ಅಕ್ಷರವೂ ತಪ್ಪದಂತೆ ಹೊಸ ಯಂತ್ರದಲ್ಲಿ ಬರೆದಳು. ಯಂತ್ರವು ಒಪ್ಪಲಿಲ್ಲ. ಮತ್ತೊಮ್ಮೆ ಬರೆದಳು, ಮತ್ತೂ ಒಪ್ಪಲಿಲ್ಲ. ಎಂಟು ದಿನ ಹೀಗೆಯೇ ಕಳೆದ ಮೇಲೆ, ತನಗೆ ಈ ವಿದ್ಯೆ ಒಲಿಯದೆಂದು ನಿಶ್ಚಯಿಸಿ, ವಿಷಯವನ್ನು ಬದಲಿಸುವೆನೆಂದು ಮನೆಯಲ್ಲಿ ಹೇಳಿದಳು. ತಂದೆಯು ಯಂತ್ರವೇ ಕೆಟ್ಟಿರಬೇಕೆಂದು ಅಂಗಡಿಗೊಯ್ದರೆ, ಅಲ್ಲಿಯವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ತುಂಬಬೇಕೆಂದು ಹೇಳಿ ಒಂದು ವಾರದ ಮಜೂರಿಯಷ್ಟು ಹಣ ಕೇಳಿದರು. ಹಣ ಕೊಡುವ ಮೊದಲು ಅವರು ವಹಿಯನ್ನೂ ಯಂತ್ರವನ್ನೂ ಮಗಳನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು.

ವಹಿಯನ್ನು ನೋಡಿದೊಡನೆ ಕಾರಣವು ತಿಳಿಯುವಂತಿತ್ತು. ನಮ್ಮ ರಾಜ್ಯದ ಪದವಿಪೂರ್ವ ತರಗತಿಗಳಲ್ಲಿ ಬಹುಕಾಲ ಸಿ ಪ್ಲಸ್ ಪ್ಲಸ್ ಭಾಷೆಯನ್ನು ಟರ್ಬೋ ಎಂಬ ಸಂಕಲಕದ ಪದ್ಧತಿಯಲ್ಲಿ ಕಲಿಸುತ್ತಿದ್ದರು. ಅಮೇರಿಕದ ಬೋರ್ಲಂಡ್ ಸಂಸ್ಥೆಯು ಟರ್ಬೋ ಸಿ ಪ್ಲಸ್ ಪ್ಲಸ್ಸನ್ನು 1990ರಲ್ಲಿ ಹೊರತಂದಿತು. ಅಂದರೆ ಆ ಭಾಷೆಗೆ ಶಾಸ್ತ್ರವು ಸಿದ್ಧವಾಗುವ ಎಂಟು ವರ್ಷ ಮೊದಲು. ಆ ಕಾಲಕ್ಕೆ ಅದು ಅತ್ಯುತ್ತಮವಾದ ಸಾಧನ. ಅದರಿಂದ ಕಲಿತು ಮುಂದೆ ಬಂದವರು ಅಸಂಖ್ಯರು. ಆದರೆ ಹುಡುಗಿಯ ಲ್ಯಾಪ್‌ಟಾಪಿನಲ್ಲಿದ್ದದ್ದು ಜಿ.ಸಿ.ಸಿ. ಎಂಬ, ಇಂದಿನ ಶಾಸ್ತ್ರವನ್ನು ಅನುಸರಿಸುವ ಸಂಕಲಕ. ಅಕ್ಕನ ವಹಿಯು ಹಳಗನ್ನಡ; ತಂಗಿಯ ಯಂತ್ರವು ಹೊಸಗನ್ನಡ.

ಇಂಥ ವಹಿಗಳು ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇರುವವಾದ್ದರಿಂದ, ಮಾಡಬೇಕಾದ ತಿದ್ದುಪಡಿಗಳನ್ನು ಇಲ್ಲಿ ಕ್ರಮವಾಗಿ ಹೇಳುವೆವು. ಹಿರಿಯರು ಇದನ್ನು ಮಕ್ಕಳಿಗೆ ಓದಿ ಹೇಳಬಹುದು.

ಒಂದನೆಯದಾಗಿ, ಹಳೆಯ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ‘ಐಓಸ್ಟ್ರೀಮ್ ಡಾಟ್ ಎಚ್’ ಎಂದಿರುವದು. 1998ರ ಶಾಸ್ತ್ರದಲ್ಲಿ ಬಾಲದ ‘ಡಾಟ್ ಎಚ್’ ಬಿದ್ದುಹೋಗಿ ಬರಿಯ ‘ಐಓಸ್ಟ್ರೀಮ್’ ಎಂದಾಯಿತು. ಹೊಸ ಸಂಕಲಕವು ಹಳೆಯ ಹೆಸರಿನ ಕಡತವನ್ನು ಹುಡುಕಿ, ಸಿಗದೆ, ಅಲ್ಲಿಗೇ ನಿಂತುಬಿಡುವದು.

ಎರಡನೆಯದಾಗಿ, ಉತ್ತರವನ್ನು ಪರದೆಗೆ ಕಳುಹುವ ‘ಸಿ-ಔಟ್’ ಎಂಬ ಪದವು ಹೊಸ ಶಾಸ್ತ್ರದಲ್ಲಿ ‘ಎಸ್‌ಟಿಡಿ’ ಎಂಬ ಮನೆತನಕ್ಕೆ ಸೇರಿತು. ಅಡ್ಡಹೆಸರನ್ನು ಹೇಳದೆ ಬರಿಯ ಹೆಸರಿನಿಂದ ಕರೆದರೆ ಸಂಕಲಕವು ಗುರುತಿಸದು. ಪ್ರೋಗ್ರಾಮಿನ ಆರಂಭದಲ್ಲಿ ‘ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ’ ಎಂದು ಒಂದು ಸಾಲು ಬರೆದರೆ, ಇಲ್ಲವೆ ಪದದ ಹಿಂದೆ ಮನೆತನದ ಹೆಸರನ್ನು ಸೇರಿಸಿದರೆ ಸಾಕು.

ಮೂರನೆಯದಾಗಿ, ಹಳೆಯ ಪಾಠದಲ್ಲಿ ಮುಖ್ಯ ಭಾಗವನ್ನು ‘ವಾಯ್ಡ್ ಮೇನ್’ ಎಂದು ಬರೆಯುತ್ತಿದ್ದರು. ಅಂದರೆ ಅದು ಯಾವ ಫಲವನ್ನೂ ಹಿಂದಿರುಗಿಸದೆಂದು ಅರ್ಥ. ಸಿ ಪ್ಲಸ್ ಪ್ಲಸ್ಸಿನ ಶಾಸ್ತ್ರದ ಪ್ರಕಾರ ಅದು ‘ಇಂಟ್ ಮೇನ್’ ಆಗಿರತಕ್ಕದ್ದು.

ನಾಲ್ಕನೆಯದಾಗಿ, ಪರದೆಯನ್ನು ಒರೆಸುವ ‘ಕ್ಲಿಯರ್‌ಸ್ಕ್ರೀನ್’ ಆಜ್ಞೆಯೂ, ಕೀಲಿ ಒತ್ತುವವರೆಗೆ ಕಾಯಿಸುವ ‘ಗೆಟ್‌ಸಿಎಚ್’ ಆಜ್ಞೆಯೂ, ಅವು ಇರುವ ‘ಕೋನಿಯೋ ಡಾಟ್ ಎಚ್’ ಕಡತವೂ ಭಾಷೆಗೆ ಸೇರಿದವುಗಳಲ್ಲ. ಅವು ಹಳೆಯ ಡಾಸ್ ಪದ್ಧತಿಯ ಯಂತ್ರಗಳ ಉಪಚಾರಗಳು. ಲೆಕ್ಕಕ್ಕೆ ಅವುಗಳಿಂದ ಏನೂ ಆಗಬೇಕಾಗಿಲ್ಲ. ತೆಗೆದುಹಾಕಿದರಾಯಿತು.

ಇಲ್ಲಿ ಮಕ್ಕಳನ್ನು ಬೆದರಿಸುವ ಒಂದು ಸಂಗತಿಯುಂಟು. ಮೊದಲ ತಪ್ಪನ್ನು ತಿದ್ದಿದೊಡನೆ ತಪ್ಪುಗಳ ಸಂಖ್ಯೆಯು ಒಂದರಿಂದ ಐದಕ್ಕೆ ಏರುವದು. ಹುಡುಗಿಯೂ ಇದನ್ನು ಕಂಡು, ತಾನು ಇನ್ನೂ ಕೆಡಿಸಿದೆನೆಂದು ಬಗೆದು, ತಿದ್ದಿದ್ದನ್ನು ಅಳಿಸಿದ್ದಳು. ಆದರೆ ಅದು ಕೆಟ್ಟದ್ದಲ್ಲ, ಮುಂದೆ ಸಾಗಿದ್ದರ ಗುರುತು. ಮೊದಲು ಸಂಕಲಕವು ಹೊಸ್ತಿಲಲ್ಲಿಯೇ ನಿಂತಿತ್ತು. ಈಗ ಒಳಗೆ ಬಂದು ಪಡಸಾಲೆಯನ್ನು ನೋಡಿ ಅಲ್ಲಿಯ ಕಸವನ್ನು ಹೇಳುತ್ತಿರುವದು.

ನಾಲ್ಕೂ ತಿದ್ದುಪಡಿಗಳನ್ನು ಆಕೆಯೇ ತನ್ನ ಕೈಯಿಂದ ಮಾಡಿದಳು. ಯಂತ್ರವು ಐದರ ಕ್ರಮಗುಣಿತವನ್ನು 120 ಎಂದೂ, ಏಳರದನ್ನು 5040 ಎಂದೂ ತೋರಿಸಿತು. ಎರಡೂ ವಹಿಯೊಂದಿಗೆ ಸರಿ ಹೋದವು. ಎಂಟರದನ್ನು ಕೇಳಿದರೆ 40320 ಎಂದಿತು. ಹುಡುಗಿಯು ವಹಿಯನ್ನು ನೋಡಿ ಸುಮ್ಮನಾದಳು. ಅಲ್ಲಿ ಅಕ್ಕನು ಎಂಟರ ಉತ್ತರವನ್ನು ಋಣ 25216 ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿದ್ದಳು. ಒಂದರಿಂದ ಎಂಟರವರೆಗಿನ ಅಂಕೆಗಳನ್ನು ಗುಣಿಸಿದರೆ ಋಣಸಂಖ್ಯೆ ಬರುವದಾದರೂ ಹೇಗೆ? ಅಕ್ಕನಿಗೆ ಸಂಶಯ ಬಂದಿತ್ತು. ಆದರೆ ಪರದೆಯ ಮೇಲೆ ಕಂಡದ್ದನ್ನೇ ಬರೆದಳು.

ಕಾರಣವಿದು. ಟರ್ಬೋ ಸಂಕಲಕವು ಹದಿನಾರು ಮನೆಗಳ ಯಂತ್ರಕ್ಕೆಂದು ಮಾಡಿದ್ದು. ಸಾಧಾರಣ ಪೂರ್ಣಾಂಕವನ್ನು ಇಡಲು ಅದು ಸೊನ್ನೆ ಒಂದುಗಳ ಹದಿನಾರು ಮನೆಗಳನ್ನು ಮಾತ್ರ ಕೊಡುವದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಅದನ್ನು ಮೀರಿದರೆ ಗಡಿಯಾರದ ಮುಳ್ಳಿನಂತೆ ಸುತ್ತಿ ಬಂದು ಋಣದ ಕಡೆಗೆ ಬೀಳುವದು. 40320ರಲ್ಲಿ ಒಂದು ಸುತ್ತಿನ 65536ನ್ನು ಕಳೆದರೆ ಉಳಿಯುವದು ಋಣ 25216. ಇಂದಿನ ಸಂಕಲಕವು ಮೂವತ್ತೆರಡು ಮನೆಗಳನ್ನು ಕೊಡುವದರಿಂದ ಎಂಟರ ಉತ್ತರವು ಸರಿಯಾಗಿ ಬಂದಿತು. ಅದೂ ಹದಿಮೂರಕ್ಕೆ ಹೋದಾಗ ಸೋಲುವದು; ಯಾಕಂದರೆ ಹದಿಮೂರರ ಕ್ರಮಗುಣಿತವು ಆರು ನೂರು ಕೋಟಿಯನ್ನು ಮೀರುವದು, ಮೂವತ್ತೆರಡು ಮನೆಗಳಲ್ಲಿ ಇನ್ನೂರ ಹದಿನಾಲ್ಕು ಕೋಟಿಯ ಮೇಲೆ ಸ್ವಲ್ಪವೇ ಹಿಡಿಯುವದು. ಅಕ್ಕನ ಪ್ರಶ್ನೆಗೆ ಹತ್ತು ವರ್ಷಗಳ ಮೇಲೆ ಉತ್ತರ ದೊರೆಯಿತು. ಅವಳು ಈಗ ಮದುವೆಯಾಗಿ ಬೀಳಗಿ ತಾಲೂಕಿನಲ್ಲಿರುವಳು. ತಂಗಿಯು ಅಂದೇ ಅವಳಿಗೆ ದೂರವಾಣಿಯಲ್ಲಿ ಅದನ್ನು ತಿಳಿಸಿದಳು. ಅಂದು ಸಂಶಯಪಟ್ಟವಳೇ ಸರಿ; ಅವಳ ಸಂಶಯಕ್ಕೆ ಕಿವಿಗೊಡುವವರು ಇರಲಿಲ್ಲ, ಅಷ್ಟೇ.

ಹಳೆಯ ಟರ್ಬೋ ಸಂಕಲಕವನ್ನೇ ತಂದು ಹಾಕಿಕೊಂಡರೆ ಆಗದೇ ಎಂದು ಕೇಳುವವರುಂಟು. ಇಂದಿನ ಅರವತ್ತನಾಲ್ಕು ಮನೆಗಳ ವಿಂಡೋಸ್ ಪದ್ಧತಿಯು ಹದಿನಾರು ಮನೆಗಳ ಪ್ರೋಗ್ರಾಮುಗಳನ್ನು ನಡೆಸದು. ಡಾಸ್‌ಬಾಕ್ಸ್ ಎಂಬ ಇನ್ನೊಂದು ಸಾಧನದ ಒಳಗೆ ಹಳೆಯ ಕಾಲವನ್ನು ಕೃತಕವಾಗಿ ನಿರ್ಮಿಸಿ ಅದರಲ್ಲಿ ನಡೆಸಬೇಕು. ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯು ಅದರಲ್ಲಿಯೇ ನಡೆಯುವದಿದ್ದರೆ ಹಾಗೆ ಮಾಡಿ ಅಭ್ಯಸಿಸುವದು ತಪ್ಪಲ್ಲ. ಆದರೆ ಮುಂದೆ ಉದ್ಯೋಗಕ್ಕೆ ಹೋಗುವ ಮಕ್ಕಳು ಹೊಸ ಶಾಸ್ತ್ರವನ್ನು ಕಲಿಯದೆ ಇರಲಾಗದು. ಎರಡನ್ನೂ ಬಲ್ಲವನು ಹಳಗನ್ನಡ ಹೊಸಗನ್ನಡಗಳೆರಡನ್ನೂ ಬಲ್ಲ ಪಂಡಿತನಂತೆ.

ಇದು ಕಿರಿಯ ಮಕ್ಕಳ ತೊಡಕಾಯಿತು. ಎಂಜಿನಿಯರಿಂಗ್ ಓದುವ ಹಿರಿಯ ಮಕ್ಕಳಿಗೆ ಇದರ ವಿಪರೀತವಾದ ತೊಡಕು ಬರುವದು. ಅವರು ಬರೆದುದು ಹೊಸದು, ಸಂಕಲಕವೂ ಹೊಸದು; ಆದರೆ ನಡುವಣ ಸಾಧನವೊಂದು ಅಷ್ಟು ಹೊಸ ಸಂಕಲಕವನ್ನು ಒಪ್ಪುವದಿಲ್ಲ. ಚಿತ್ರಸಂಸ್ಕಾರದ ಪಟ್ಟಿಯ ಮೇಲೆ ಲೆಕ್ಕ ಮಾಡಿಸುವ ಎನ್ವಿಡಿಯಾ ಸಂಸ್ಥೆಯ ‘ಕೂಡಾ’ ಎಂಬ ಸಾಧನವನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಅದು ಪ್ರೋಗ್ರಾಮನ್ನು ಎರಡು ಪಾಲು ಮಾಡಿ, ಪಟ್ಟಿಗೆ ಸಂಬಂಧಿಸಿದ್ದನ್ನು ತಾನು ಸಂಕಲಿಸಿ, ಉಳಿದದ್ದನ್ನು ಲಿನಕ್ಸ್ ಯಂತ್ರಗಳಲ್ಲಿ ಜಿ.ಸಿ.ಸಿ.ಗೆ ಒಪ್ಪಿಸುವದು. ತಾನು ಹುಟ್ಟಿದಾಗ ಇದ್ದ ಜಿ.ಸಿ.ಸಿ.ಯ ಆವೃತ್ತಿಗಳೊಂದಿಗೆ ಮಾತ್ರ ಅದನ್ನು ಪರೀಕ್ಷಿಸಿರುವರು. 2020ರ ಕೂಡಾ 11.0 ಆವೃತ್ತಿಯು ಜಿ.ಸಿ.ಸಿ. 9ರವರೆಗೆ ಮಾತ್ರ ಒಪ್ಪುವದು; 2022ರ ಉಬುಂಟು 22.04ರೊಡನೆ ಬರುವದು ಜಿ.ಸಿ.ಸಿ. 11. ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿದವನಿಗೆ ‘ಈ ಆವೃತ್ತಿಗೆ ಆಶ್ರಯವಿಲ್ಲ’ ಎಂಬ ಸೂಚನೆಯೊಂದಿಗೆ ಕೆಲಸವು ನಿಲ್ಲುವದು.

ಇದಕ್ಕೆ ಉಪಾಯಗಳು ಮೂರು. ಹೊಸದನ್ನು ತೆಗೆಯದೆ ಹಳೆಯ ಜಿ.ಸಿ.ಸಿ.ಯನ್ನೂ ಪಕ್ಕದಲ್ಲಿ ಇರಿಸಿಕೊಂಡು, ಕೂಡಾಕ್ಕೆ ‘ಸಿಸಿಬಿನ್’ ಎಂಬ ಆಜ್ಞೆಯಿಂದ ಅದರ ಹಾದಿಯನ್ನು ತೋರಿಸುವದು ಒಂದು. ಹೊಸ ಜಿ.ಸಿ.ಸಿ.ಯನ್ನು ಒಪ್ಪುವ ಹೊಸ ಕೂಡಾವನ್ನು ತರುವದು ಎರಡನೆಯದು. ಆಶ್ರಯವಿಲ್ಲದ ಸಂಕಲಕವನ್ನೂ ಬಿಡೆಂದು ಹೇಳುವ ಆಜ್ಞೆಯೊಂದಿರುವದು. ಅದನ್ನು ಬಳಸುವದು ಮೂರನೆಯದು. ಅವಸರದವರು ಮೂರನೆಯದಕ್ಕೆ ಮೊದಲು ಕೈ ಹಾಕುವರು. ಅದು ಕಾವಲುಗಾರನ ಬಾಯಿ ಮುಚ್ಚಿಸಿದಂತೆಯೇ ಹೊರತು ಕಳ್ಳನನ್ನು ಹಿಡಿದಂತಲ್ಲ. ಸಂಕಲನೆಯು ಮುಗಿದರೂ ಉತ್ತರವು ತಪ್ಪಾಗಿ ಬರಬಹುದು. ಕೂಗಿ ನಿಲ್ಲುವ ದೋಷಕ್ಕಿಂತ ಮೌನವಾಗಿ ತಪ್ಪು ಉತ್ತರ ಕೊಡುವ ದೋಷವು ಹೆಚ್ಚು ಕೆಟ್ಟದ್ದೆಂಬುದನ್ನು ಅಕ್ಕನ ವಹಿಯು ಆಗಲೇ ತೋರಿಸಿತಲ್ಲ.

ಎರಡು ಸಂಕಲಕಗಳನ್ನು ಜೊತೆಗಿಡುವದು ನಾಚಿಕೆಯ ಉಪಾಯವೇನೂ ಅಲ್ಲ. 2000ದಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ತನ್ನ ಲಿನಕ್ಸ್ 7 ಆವೃತ್ತಿಯಲ್ಲಿ ಜಿ.ಸಿ.ಸಿ.ಯನ್ನು ರಚಿಸುವವರು ಬಿಡುಗಡೆ ಮಾಡದ 2.96 ಎಂಬ ಸಂಖ್ಯೆಯ ಸಂಕಲಕವನ್ನು ಕೊಟ್ಟಿತ್ತು. ಲಿನಕ್ಸಿನ ತಿರುಳನ್ನು ಸಂಕಲಿಸಲು ಅದು ತಕ್ಕದ್ದಾಗಿರಲಿಲ್ಲ. ಆದುದರಿಂದ ಆ ಒಂದು ಕೆಲಸಕ್ಕಾಗಿ ‘ಕೆಜಿಸಿಸಿ’ ಎಂಬ ಹಳೆಯ ಸಂಕಲಕವನ್ನೂ ಜೊತೆಗೆ ಕೊಡಬೇಕಾಯಿತು. ಹಳೆಯದಕ್ಕೂ ಕಾಲ ತೀರುವದುಂಟು. ಅದೇ ಲಿನಕ್ಸ್ ತಿರುಳು 2021ರ 5.15 ಆವೃತ್ತಿಯಿಂದ ಜಿ.ಸಿ.ಸಿ. 5.1ನ್ನೂ, 2025ರ 6.16 ಆವೃತ್ತಿಯಿಂದ ಜಿ.ಸಿ.ಸಿ. 8ನ್ನೂ ಕನಿಷ್ಠ ಯೋಗ್ಯತೆಯೆಂದು ಗೊತ್ತುಮಾಡಿತು.

ಶಾಸ್ತ್ರಕಾರರು ಒಮ್ಮೆಲೆ ಬಾಗಿಲು ಮುಚ್ಚುವರೆಂದೂ ತಿಳಿಯಬಾರದು. ಹಳೆಯ ಸಿ ಭಾಷೆಯಲ್ಲಿ, ಮೊದಲು ಪರಿಚಯಿಸದೆಯೇ ಒಂದು ಕ್ರಿಯೆಯನ್ನು ಹೆಸರು ಹಿಡಿದು ಕರೆಯಬಹುದಾಗಿತ್ತು. 1999ರ ಶಾಸ್ತ್ರವು ಇದನ್ನು ತೆಗೆದುಹಾಕಿತು. ಆದರೂ ಜಿ.ಸಿ.ಸಿ.ಯು ಎಚ್ಚರಿಕೆಯ ಮಾತನ್ನು ಮಾತ್ರ ಹೇಳುತ್ತ ಬಂದು, 2024ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ದೋಷವೆಂದು ನಿಲ್ಲಿಸಿತು. ಇಪ್ಪತ್ತೈದು ವರ್ಷಗಳ ಎಚ್ಚರಿಕೆ! ಎಚ್ಚರಿಕೆಗಳನ್ನು ಓದದೆ ದಾಟಿಸುವ ರೂಢಿಯು ಎಷ್ಟು ಸಾಲವನ್ನು ಕೂಡಿಹಾಕುವದೆಂಬುದು ಇದರಿಂದ ತಿಳಿಯುವದು.

ಹಳೆಯದರೊಂದಿಗೆ ಬಾಳುವ ಇನ್ನೊಂದು ರೀತಿಯನ್ನೂ ಹೇಳಬೇಕು. ಅದು ಮತ್ತೆ ರನ್ನನ ಅಕ್ಷರಕ್ಕೇ ಸಂಬಂಧಿಸಿದ್ದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಯನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ನಮ್ಮ ೞ ಅಕ್ಷರಕ್ಕೆ ಆರಂಭದಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವದಿಲ್ಲವೆಂಬುದು ಆ ವ್ಯವಸ್ಥೆಯ ವ್ರತ. ಬದಲಿಸಿದರೆ ಅದನ್ನು ನಂಬಿದ ಪ್ರೋಗ್ರಾಮುಗಳು ಕೆಡುವವು. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿ ಬರೆದರು. ಒಬ್ಬರು ಬದಲಿಸಿ ಎಚ್ಚರಿಸುವರು. ಇನ್ನೊಬ್ಬರು ಬದಲಿಸದೆ ಟಿಪ್ಪಣಿ ಬರೆಯುವರು. ಎರಡರಲ್ಲಿಯೂ ಹಿಂದಿನವರ ಬರವಣಿಗೆಯ ಮೇಲೆ ಗೌರವವಿರುವದು.

ಇನ್ನು ಚಿಕಿತ್ಸೆಯ ಕ್ರಮವನ್ನು ಸಂಗ್ರಹಿಸಿ ಹೇಳುವೆವು. ವೈದ್ಯನು ನಿದಾನವಿಲ್ಲದೆ ಔಷಧ ಕೊಡುವದಿಲ್ಲ. ಮೊದಲು ದೋಷಸೂಚನೆಗಳಲ್ಲಿ ಎಲ್ಲಕ್ಕೂ ಮೇಲಿನದನ್ನು ಓದಬೇಕು, ಕೆಳಗಿನದನ್ನಲ್ಲ. ಕೆಳಗಿನವು ಬಹುಮಟ್ಟಿಗೆ ಮೇಲಿನದರ ಸಂತತಿ. ಎರಡನೆಯದಾಗಿ, ಸಂಕಲಕದ ಹೆಸರು ಮತ್ತು ಆವೃತ್ತಿಯನ್ನು ಅದನ್ನೇ ಕೇಳಬೇಕು; ಜಿ.ಸಿ.ಸಿ. ಎಂದು ಬರೆದು ಮುಂದೆ ಎರಡು ಅಡ್ಡಗೀಟುಗಳನ್ನೂ ‘ವರ್ಶನ್’ ಎಂಬ ಪದವನ್ನೂ ಕೂಡಿಸಿದರೆ ಅದು ತನ್ನ ಸಂಖ್ಯೆಯನ್ನು ಹೇಳುವದು. ಮೂರನೆಯದಾಗಿ, ಪಾಠವು ಯಾವ ಕಾಲದ್ದು, ಯಾವ ಸಂಕಲಕಕ್ಕೆಂದು ಬರೆದದ್ದು ಎಂಬುದನ್ನು ಪುಸ್ತಕದ ಮುದ್ರಣದ ವರ್ಷದಿಂದ ಅಥವಾ ಜೊತೆಗಿರುವ ಸೂಚನೆಯಿಂದ ತಿಳಿಯಬೇಕು. ನಾಲ್ಕನೆಯದಾಗಿ, ಹತ್ತು ಸಾಲಿನ ಪಾಠವಾದರೆ ಪಾಠವನ್ನು ತಿದ್ದಬೇಕು; ಬೇರೆಯವರ ದೊಡ್ಡ ಗ್ರಂಥವಾದರೆ ಅದಕ್ಕೆ ತಕ್ಕ ಸಂಕಲಕವನ್ನು ತರಬೇಕು. ಐದನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಆರನೆಯದಾಗಿ, ಸಂಕಲಕವನ್ನು ಬದಲಿಸಿದ ಮೇಲೆ ಹಿಂದಿನ ಪ್ರಯತ್ನದ ಶೇಷವನ್ನು ಅಳಿಸಬೇಕು. ‘ಸಿ-ಮೇಕ್’ ಎಂಬ ಸಾಧನವು ಮೊದಲ ಸಲ ಕಂಡ ಸಂಕಲಕದ ಹಾದಿಯನ್ನು ಬರೆದಿಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಕರೆಯುವದು. ಮಜ್ಜಿಗೆಯ ಪಾತ್ರೆಯನ್ನು ತೊಳೆಯದೆ ಹಾಲು ಕಾಸಿದಂತೆ ಆಗಬಾರದು.

ಒಂದು ಎಚ್ಚರಿಕೆಯನ್ನು ಕೂಡಿಸುವದು ಅವಶ್ಯ. ಎಲ್ಲ ದೋಷವನ್ನೂ ಆವೃತ್ತಿಯ ತಲೆಗೆ ಕಟ್ಟಬಾರದು. ಬಿಟ್ಟ ಅರ್ಧವಿರಾಮವು ಬಿಟ್ಟ ಅರ್ಧವಿರಾಮವೇ. ಅದಕ್ಕೆ ಯಾವ ಶಾಸ್ತ್ರವೂ ಕ್ಷಮೆ ಕೊಡದು. ಪರೀಕ್ಷಿಸುವ ಬಗೆ ಸುಲಭ. ಇಂದಿನ ಶಾಸ್ತ್ರಕ್ಕೆ ಸರಿಯಾದ ಮೂರು ಸಾಲಿನ ಚಿಕ್ಕ ಪ್ರೋಗ್ರಾಮೊಂದನ್ನು ಸಂಕಲಕಕ್ಕೆ ಕೊಡಿರಿ. ಅದು ನಡೆದರೆ ಯಂತ್ರವೂ ಸಂಕಲಕವೂ ಆರೋಗ್ಯವಾಗಿರುವವು. ದೋಷವು ಪಾಠದಲ್ಲಿಯೋ ಅದರ ಕಾಲದಲ್ಲಿಯೋ ಇರುವದು. ಅದೂ ನಡೆಯದಿದ್ದರೆ ಮಾತ್ರ ಅಂಗಡಿಯ ಹಾದಿ ಹಿಡಿಯಬಹುದು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮಗುವು ‘ಯಂತ್ರವು ಒಪ್ಪುತ್ತಿಲ್ಲ’ ಎಂದು ಹೇಳಿದಾಗ, ಹಣದ ಚೀಲಕ್ಕೂ ಬೈಗುಳಕ್ಕೂ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿರಿ: ಪಾಠವು ಯಾವ ವರ್ಷದ್ದು? ಸಂಕಲಕವು ಯಾವ ಆವೃತ್ತಿಯದು? ಮೊದಲ ದೋಷಸೂಚನೆಯು ಏನು ಹೇಳುವದು? ಇವನ್ನು ಕೇಳಲು ಗಣಕಶಾಸ್ತ್ರ ಬರಬೇಕಾಗಿಲ್ಲ. ಅಧ್ಯಾಪಕ ಬಂಧುಗಳಲ್ಲಿ ಒಂದು ಮಾತು. ಮೊದಲ ದಿನವೇ ಹಲಗೆಯ ಮೇಲೆ ಸಂಕಲಕದ ಹೆಸರನ್ನೂ ಆವೃತ್ತಿಯನ್ನೂ ಬರೆದು, ವಿದ್ಯಾರ್ಥಿಗಳು ಪ್ರತಿಯೊಂದು ಪ್ರೋಗ್ರಾಮಿನ ತಲೆಯ ಮೇಲೆ ಅದನ್ನೂ ದಿನಾಂಕವನ್ನೂ ಬರೆಯುವಂತೆ ಮಾಡಿರಿ. ತಾಳೆಯೋಲೆಯ ಲಿಪಿಕಾರರು ಕಡೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದಿಟ್ಟದ್ದರಿಂದಲೇ ಎಷ್ಟೋ ಪ್ರತಿಗಳ ಕಾಲವನ್ನು ಇಂದು ನಾವು ಬಲ್ಲೆವು. ಆ ಒಂದು ಸಾಲು ಅಕ್ಕನ ವಹಿಯಲ್ಲಿ ಇದ್ದಿದ್ದರೆ ತಂಗಿಯ ಎಂಟು ರಾತ್ರಿಗಳು ಉಳಿಯುತ್ತಿದ್ದವು.

ಹುಡುಗಿಯು ವಿಷಯವನ್ನು ಬದಲಿಸಲಿಲ್ಲ. ವಹಿಯಲ್ಲಿಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ಹೊಸ ಶಾಸ್ತ್ರಕ್ಕೆ ತಿದ್ದಿ ಬರೆಯುತ್ತಿರುವಳು. ಮುಗಿದ ಮೇಲೆ ಅದನ್ನು ತನ್ನ ಓಣಿಯ ಕಿರಿಯರಿಗೆ ಕೊಡುವದಾಗಿ ಹೇಳಿರುವಳು. ಪ್ರತಿಯೊಂದರ ತಲೆಯ ಮೇಲೆ ಸಂಕಲಕದ ಆವೃತ್ತಿಯನ್ನು ಬರೆಯಬೇಕೆಂದು ನಾವು ಹೇಳುವ ಮೊದಲೇ ಅವಳು ಬರೆದಿದ್ದಳು.